ಕೇಳುವ ಕೈಗೂ ಅಹಿಂಸೆಯ ನೇಮ

ದಾನದ ವಿಷಯದಲ್ಲಿ ಜೈನ ಶ್ರಾವಕಾಚಾರ ಗ್ರಂಥಗಳಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದವು ವಿರಳ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳು, ದಾತೃವಿನಲ್ಲಿರಬೇಕಾದ ಏಳು ಗುಣಗಳು, ಮುನಿಗಳನ್ನು ಬರಮಾಡಿಕೊಳ್ಳುವ ನವಧಾ ಭಕ್ತಿ ಇವುಗಳನ್ನು ಬಸದಿಯ ಪ್ರವಚನಗಳಲ್ಲಿ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ತನ್ನ ಏಳನೆಯ ಅಧ್ಯಾಯದಲ್ಲಿ, ದಾನದ ಹಿರಿಮೆಯು ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನ ಗುಣ, ಪಡೆಯುವವನ ಪಾತ್ರತೆ ಎಂಬ ನಾಲ್ಕನ್ನು ಅವಲಂಬಿಸಿದೆ ಎನ್ನುತ್ತದೆ. ಮೊತ್ತದ ಮಾತು ಅಲ್ಲಿಲ್ಲ. ಕೊಡುವವರಿಗೆ ಇಷ್ಟೊಂದು ನೇಮಗಳಿರುವಾಗ ಕೇಳುವವರಿಗೆ ಯಾವ ನೇಮವೂ ಬೇಡವೇ?

ಈ ಪ್ರಶ್ನೆ ಹುಟ್ಟಿದ್ದು ಗ್ರಂಥ ಓದಿ ಅಲ್ಲ. ನಮ್ಮ ಅರೇಹಳ್ಳಿಯ ಸುತ್ತ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಹಣ್ಣು ಮೂಟೆಯಾಗುವ ಹೊತ್ತಿಗೆ ಸರಿಯಾಗಿ ರಸೀದಿ ಪುಸ್ತಕಗಳು ಮನೆಬಾಗಿಲಿಗೆ ಬರುತ್ತವೆ. ಬಂದವರು ಮೊದಲು ತೆರೆದು ತೋರಿಸುವುದು ಪಕ್ಕದ ತೋಟದವರು ಬರೆಸಿದ ಮೊತ್ತವನ್ನು. ಮಾರ್ಚ್ ತಿಂಗಳಲ್ಲಿ ಫೋನಿನ ಸರದಿ. ತೆರಿಗೆಯ ರಿಯಾಯಿತಿಯಿಂದ ಮಾತು ಆರಂಭವಾಗುತ್ತದೆ. ಒಂದು ಸಂಸ್ಥೆಗೆ ಒಮ್ಮೆ ಅಲ್ಪಸ್ವಲ್ಪ ಕಳುಹಿಸಿದ ಬಳಿಕ ವಾರವಾರವೂ ಬೇರೆ ಬೇರೆ ದನಿಗಳು ನನ್ನನ್ನು ಹೆಸರಿಡಿದು ಕರೆಯತೊಡಗಿದವು. ಈ ತಿಂಗಳು ಆಗುವುದಿಲ್ಲವೆಂದಾಗ ಒಂದು ದನಿ, ಮಗುವಿನ ಪ್ರಾಣ ಈಗ ನಿಮ್ಮ ಕೈಯಲ್ಲಿದೆ ಎಂದಿತು. ಆ ಮಗು ಯಾರು, ಯಾವ ಆಸ್ಪತ್ರೆಯಲ್ಲಿದೆ ಎಂದು ಕೇಳಿದರೆ ಮೇಲಿನವರಿಗೆ ತಿಳಿದಿರುತ್ತದೆ ಎಂಬ ಉತ್ತರ ಬಂತು. ಹಿಂದೆ ಕಳುಹಿಸಿದ ಹಣ ಏನಾಯಿತೆಂಬುದಕ್ಕೆ ಆ ಉತ್ತರವೂ ಬರಲಿಲ್ಲ.

ಇಲ್ಲಿ ಹೋದದ್ದು ಹಣಕ್ಕಿಂತ ಹೆಚ್ಚಿನದು. ದಾತೃವಿನ ಏಳು ಗುಣಗಳಲ್ಲಿ ಸಂತೋಷವೂ ಒಂದು. ಕೊಡುವಾಗಲೂ ಕೊಟ್ಟ ಮೇಲೂ ಮನಸ್ಸು ತಿಳಿಯಾಗಿರಬೇಕು. ಹೆದರಿಸಿ, ನಾಚಿಸಿ, ಪಾಪಭೀತಿ ಹುಟ್ಟಿಸಿ ಪಡೆದ ದ್ರವ್ಯದಲ್ಲಿ ಆ ಸಂತೋಷ ಎಲ್ಲಿಂದ ಬರಬೇಕು? ನೆರೆಯವನ ಮೊತ್ತವನ್ನು ತೋರಿಸುವ ಉಪಾಯವಂತೂ ಇನ್ನೂ ಕೆಟ್ಟದ್ದು. ತತ್ತ್ವಾರ್ಥಸೂತ್ರವು ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿ, ಅವುಗಳಲ್ಲಿ ಮಾತ್ಸರ್ಯವನ್ನೂ ಸೇರಿಸಿದೆ. ಆದರವಿಲ್ಲದೆ ಕೊಡುವುದು, ಬೇರೆ ದಾತೃಗಳ ಗುಣವನ್ನು ಸಹಿಸದೆ ಕೊಡುವುದು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ಕೊಡುವವನಲ್ಲಿ ದೋಷವೆನಿಸಿದ್ದನ್ನೇ ಕೇಳುವವನು ಬಂಡವಾಳ ಮಾಡಿಕೊಂಡರೆ ಅವನನ್ನು ಧರ್ಮಕಾರ್ಯದವನೆಂದು ಹೇಗೆ ಕರೆಯೋಣ?

ದೂರು ಹೊರಗಿನವರ ಮೇಲೆ ಮಾತ್ರವೆಂದು ತಿಳಿಯಬಾರದು. ನಮ್ಮ ಪೂಜೆ, ವಿಧಾನಗಳಲ್ಲೂ ಮೊದಲ ಕಲಶಕ್ಕೆ ಧ್ವನಿವರ್ಧಕದಲ್ಲಿ ಸವಾಲು ಏರುತ್ತದೆ. ಅದರಿಂದ ಎಷ್ಟೋ ಒಳ್ಳೆಯ ಕೆಲಸಗಳು ನಡೆದಿವೆ, ನಿಜ. ಆದರೆ ಹಿಂದಿನ ಸಾಲಿನಲ್ಲಿ ನೂರು ರೂಪಾಯಿ ಮಡಿಚಿಕೊಂಡು ಕುಳಿತ ಮುದುಕಿ ಆ ಹೊತ್ತಿನಲ್ಲಿ ಎಲ್ಲಿ ನೋಡುತ್ತಾಳೆಂಬುದನ್ನು ಸವಾಲು ಕೂಗುವವರು ಒಮ್ಮೆ ಗಮನಿಸಬೇಕು.

ನಮ್ಮ ಪರಂಪರೆಯಲ್ಲಿ ಉತ್ತಮ ಪಾತ್ರರೆನಿಸಿದವರು ದಿಗಂಬರ ಮುನಿಗಳು. ಅವರದು ಅಯಾಚಕ ವೃತ್ತಿ. ದಿನಕ್ಕೊಮ್ಮೆ ಆಹಾರಚರ್ಯೆಗೆ ಹೊರಡುವಾಗ ಇಂಥ ರೀತಿಯಲ್ಲಿ ಸ್ವಾಗತ ದೊರೆತರೆ ಮಾತ್ರ ಸ್ವೀಕರಿಸುವೆನೆಂಬ ನಿಯಮವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವುದುಂಟು; ಅದು ವೃತ್ತಿಪರಿಸಂಖ್ಯಾನವೆಂಬ ತಪಸ್ಸು. ಅವರು ಬಾಯಿ ತೆರೆದು ಬೇಡುವುದಿಲ್ಲ, ಸನ್ನೆ ಮಾಡುವುದಿಲ್ಲ. ಬಾಗಿಲಲ್ಲಿ ಕಲಶ ಹಿಡಿದು ನಿಂತ ಶ್ರಾವಕನೇ ನಮೋಸ್ತು ಎಂದು ಬಿನ್ನವಿಸಿಕೊಳ್ಳಬೇಕು. ವಿಧಿ ಕೂಡದಿದ್ದರೆ ಅಂದು ಉಪವಾಸ. ಯಾರ ಮನೆಯಲ್ಲಿ ಏನು ಕೊರತೆಯಾಯಿತೆಂದು ಹೇಳುವುದೂ ಇಲ್ಲ. ಈ ಭಿಕ್ಷೆಗೆ ಭ್ರಾಮರೀ ವೃತ್ತಿಯೆಂಬ ಹೆಸರುಂಟು: ಹೂವಿಗೆ ನೋವಾಗದಂತೆ ದುಂಬಿ ಮಧು ಪಡೆಯುವ ಬಗೆ. ದಾತೃವಿಗೆ ಬಾಧೆಯಾಗಬಾರದೆಂಬ ಕಾಳಜಿ ಪಡೆಯುವವರ ಕಡೆಯಿಂದಲೇ ಬಂದಿದೆ.

ಸಂಸ್ಥೆಯೊಂದು ಮುನಿಯಂತೆ ಮೌನವಾಗಿರಲಾರದು. ಗೋಶಾಲೆಯ ಹಸುಗಳಿಗೆ ಮೇವು ಬೇಕು, ವಿದ್ಯಾರ್ಥಿನಿಲಯದ ಮಕ್ಕಳಿಗೆ ಊಟ ಬೇಕು, ಅವರ ಪರವಾಗಿ ಯಾರಾದರೂ ಕೇಳಲೇಬೇಕು. ಕೇಳುವುದು ದೋಷವಲ್ಲ. ಕೇಳಿದ ಮೇಲೆ ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಉಳಿಸಬೇಕು, ಕೊಟ್ಟದ್ದರ ಲೆಕ್ಕವನ್ನು ಬಯಲಲ್ಲಿಡಬೇಕು. ಈ ಎರಡನೆಯದನ್ನು ನಮ್ಮ ಸೀಮೆಯ ಕಲ್ಲುಗಳು ಚೆನ್ನಾಗಿ ಬಲ್ಲವು.

ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ನೋಡಿ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆಯಾದ ಮೇಲೆ ಅರ್ಚಕರು ಶೇಷೆಯನ್ನು ಹೊತ್ತು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅರಸನಿಗೆ ಆಗ ಯುದ್ಧದಲ್ಲಿ ಜಯವೂ ಆಗಿತ್ತು, ಮಗನೂ ಹುಟ್ಟಿದ್ದ. ಶೇಷೆಯನ್ನು ಭಕ್ತಿಯಿಂದ ಸ್ವೀಕರಿಸಿದ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ಇಂದಿನ ಅರಸೀಕೆರೆ ತಾಲ್ಲೂಕಿನ ಜಾವಗಲ್ ಅದು. ಅರ್ಚಕರು ಒಯ್ದದ್ದು ಪ್ರಸಾದವನ್ನು, ಪಟ್ಟಿಯನ್ನಲ್ಲ. ಕೊಡುವ ಮನಸ್ಸು ಅಲ್ಲಿ ಸಂತೋಷದಿಂದ ಹುಟ್ಟಿತು.

ಅರಸೀಕೆರೆಯಲ್ಲಿಯೇ ರೇಚರಸನು 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಆ ಕಾಲದ ಬಸದಿ ಶಾಸನಗಳಲ್ಲಿ ದತ್ತಿಯ ಉದ್ದೇಶಗಳನ್ನು ಬಿಡಿಬಿಡಿಯಾಗಿ ಬರೆಯುವುದು ರೂಢಿ: ಅಷ್ಟವಿಧಾರ್ಚನೆಗೆ, ಆಹಾರದಾನಕ್ಕೆ, ಜೀರ್ಣೋದ್ಧಾರಕ್ಕೆ. ಯಾವ ಊರು, ಯಾವ ಗದ್ದೆ, ಅದರ ಎಲ್ಲೆಯೇನು ಎಂಬುದೂ ಇರುತ್ತದೆ. ಇದನ್ನೆಲ್ಲ ಕಲ್ಲಿನ ಮೇಲೆ ಕೆತ್ತಿ ಎಲ್ಲರೂ ಹಾಯುವ ಅಂಗಳದಲ್ಲಿ ನಿಲ್ಲಿಸಿದರು. ಕೊಟ್ಟವನ ಹೊಗಳಿಕೆ ಆ ಕಲ್ಲುಗಳಲ್ಲಿ ಸಾಲದೆಂದೇನೂ ಇಲ್ಲ, ಕೆಲವೆಡೆ ಅತಿಯೇ ಆಯಿತೆನಿಸುತ್ತದೆ. ಆದರೂ ಹೊಗಳಿಕೆಯ ಕೆಳಗೆ ಲೆಕ್ಕವಿದೆ. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಹೆಸರೂ ಮೊತ್ತವೂ ಉಳಿದು, ಯಾತಕ್ಕಾಗಿ ಎಂಬ ಸಾಲು ಮಾಯವಾಗಿದೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗಕ್ಕೆ ಮೀಸಲು. ನಮ್ಮ ಬಸದಿಗಳ ಸಮಿತಿಯವರು ಆ ಒಂದು ದಿನವಾದರೂ ಧ್ವನಿವರ್ಧಕವನ್ನು ಪ್ರವಚನಕ್ಕೆ ಬಿಟ್ಟುಕೊಟ್ಟು, ಬಾಗಿಲ ಬಳಿ ಮುಚ್ಚಿದ ಹುಂಡಿಯೊಂದನ್ನು ಇಡಲಿ. ಅದರ ಪಕ್ಕದ ಗೋಡೆಗೆ ಕಳೆದ ವರ್ಷ ಬಂದ ಹಣ, ಖರ್ಚಾದ ಬಾಬು, ಈ ವರ್ಷ ಬೀಳುವ ಕೊರತೆ ಇಷ್ಟನ್ನೇ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಲಿ.