ಮನೆಯ ಸ್ಮೋಕ್ ಅಲಾರಂ: ಹಾಕಿಸಿದರೆ ಸಾಲದು, ಜೋಪಾನವೂ ಬೇಕು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಗಳಲ್ಲಿ ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ವಾಸದ ಮನೆ ಇರುವುದು ಸಾಮಾನ್ಯ. ನಿಪ್ಪಾಣಿಯ ತಂಬಾಕಾಗಲಿ, ಅಥಣಿಯ ಚರ್ಮದ ಚಪ್ಪಲಿಯಾಗಲಿ, ಗೋಣಿಚೀಲ ಹಾಗೂ ರಟ್ಟಿನ ಪೆಟ್ಟಿಗೆಗಳೊಡನೆ ದಾಸ್ತಾನು ರಾತ್ರಿಯಿಡೀ ಕುಟುಂಬದ ಕೆಳಗೇ ಇರುತ್ತದೆ. ಇಂಥ ಸರಕಿಗೆ ಬಿದ್ದ ಕಿಡಿ ಭುಗಿಲೇಳುವ ಮುನ್ನ ಬಹಳ ಹೊತ್ತು ಒಳಗೊಳಗೇ ಹೊಗೆಯಾಡಬಹುದು.

ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಮಲಗಿದವರನ್ನು ಪ್ರಜ್ಞೆ ತಪ್ಪಿಸುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಅಸುನೀಗಿದಾಗ, ಅವರಲ್ಲಿ ಕೆಲವರು ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರು. ಅದು ಹಗಲು ಹೊತ್ತು, ಎಲ್ಲರೂ ಎಚ್ಚರವಿದ್ದ ಸಮಯ.

ಸುಳ್ಳು ಕೂಗಿಗೆ ಕಾರಣ

ಇಂದು ಹೆಚ್ಚು ಬಳಕೆಯಲ್ಲಿರುವ ಆಪ್ಟಿಕಲ್ ಅಲಾರಂನಲ್ಲಿ ಒಂದು ಪುಟ್ಟ ಕತ್ತಲೆಯ ಕೋಣೆ ಇರುತ್ತದೆ. ಅದರೊಳಗಿನ ಬೆಳಕಿನ ಕಿರಣವು ಹೊಗೆಯ ಕಣಗಳಿಗೆ ತಾಗಿ ಚದುರಿ ಸೆನ್ಸರ್ ಮೇಲೆ ಬಿದ್ದಾಗ ಅಲಾರಂ ಕೂಗುತ್ತದೆ. ತಂಬಾಕಿನ ದೂಳು, ಜೇಡ, ಸಣ್ಣ ಹುಳುಗಳೂ ಬೆಳಕನ್ನು ಹಾಗೆಯೇ ಚದುರಿಸುತ್ತವೆ. ಸುಳ್ಳು ಕೂಗಿಗೆ ಬೇಸತ್ತು ಬ್ಯಾಟರಿ ತೆಗೆದಿಟ್ಟರೆ ಗೋಡೆಯ ಮೇಲೆ ಉಳಿಯುವುದು ಬರಿಯ ಡಬ್ಬಿ. ಆ ಕೂಗನ್ನು ಶುಚಿಗೊಳಿಸಬೇಕೆಂಬ ಸೂಚನೆಯಾಗಿ ತಿಳಿಯಬೇಕು.

ನಿರ್ವಹಣೆಯ ಕ್ರಮ

1. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಅಮಾವಾಸ್ಯೆಯ ಅಂಗಡಿ ಪೂಜೆಯ ದಿನ ಇದನ್ನು ಮಾಡಿದರೆ ಮರೆಯುವುದಿಲ್ಲ. ಬಾಗಿಲು ಮುಚ್ಚಿದ ಮಲಗುವ ಕೋಣೆಗೂ ಸದ್ದು ಕೇಳಬೇಕು.

2. ಒಣ ಮೃದು ಬ್ರಷ್‌ನಿಂದ ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ದೂಳು ತೆಗೆಯಬೇಕು. ನೀರು, ಸ್ಪ್ರೇ ಸಲ್ಲದು.

3. ಬದಲಾಯಿಸಬಹುದಾದ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ, ಬದಲಿಸುವುದು ಒಳ್ಳೆಯದು. ಆಗಾಗ 'ಚಿಕ್' ಎಂಬ ಸದ್ದು ಬಂದರೆ ಕೂಡಲೇ ಬದಲಿಸಬೇಕು. ವಿದ್ಯುತ್ ಸಂಪರ್ಕದ ಅಲಾರಂಗೂ ಬ್ಯಾಟರಿ ಬೇಕು. ಕರೆಂಟ್ ಹೋದಾಗ ಅದೇ ಆಸರೆ.

4. ಸುಣ್ಣಬಣ್ಣ ಬಳಿಯುವಾಗ ಅಲಾರಂಗೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಕೆಲಸ ಮುಗಿದೊಡನೆ ತೆಗೆಯಬೇಕು. ಅದಕ್ಕೇ ಬಣ್ಣ ಬಳಿಯಬಾರದು.

5. ತಯಾರಿಕೆಯ ದಿನಾಂಕದಿಂದ 10 ವರ್ಷವಾದ ಅಲಾರಂ ಕೂಗುತ್ತಿದ್ದರೂ ಹೊಸದನ್ನು ಹಾಕಿಸಬೇಕು.

ಎಲ್ಲಿ ಹಾಕಬೇಕು?

ಮಲಗುವ ಕೋಣೆಗಳಲ್ಲಿ, ಅವುಗಳ ಹೊರಗೆ ಹಾಗೂ ಪ್ರತಿ ಅಂತಸ್ತಿನಲ್ಲಿ ಒಂದೊಂದು ಇರಬೇಕು. ಒಲೆಯಿಂದ ಕನಿಷ್ಠ 10 ಅಡಿ, ಫ್ಯಾನಿನ ರೆಕ್ಕೆಯ ತುದಿಯಿಂದ 3 ಅಡಿ ದೂರವಿದ್ದರೆ ಒಳಿತು. ದೇವರ ಕೋಣೆಯ ಧೂಪ ನೇರವಾಗಿ ತಾಗುವ ಜಾಗವೂ ಬೇಡ. ಸದಾ ದೂಳಿರುವ ಗೋದಾಮಿಗೆ ಹೀಟ್ ಡಿಟೆಕ್ಟರ್ ಸೂಕ್ತ. ಆದರೆ ಅದು ಶಾಖ ಏರಿದ ಮೇಲಷ್ಟೇ ಎಚ್ಚರಿಸುವುದರಿಂದ ಮೇಲಿನ ಮನೆಯಲ್ಲಿ ಸ್ಮೋಕ್ ಅಲಾರಂ ಇರಲೇಬೇಕು. ಎರಡನ್ನೂ ಜೋಡಿಸಿದರೆ ಕೆಳಗಿನ ಅಪಾಯಕ್ಕೆ ಮೇಲೆಯೂ ಸದ್ದಾಗುತ್ತದೆ. ಕಾರ್ಖಾನೆ ಹಾಗೂ ದೊಡ್ಡ ಗೋದಾಮುಗಳ ವ್ಯವಸ್ಥೆಗೆ ಭಾರತೀಯ ಮಾನಕ ಐಎಸ್ 2189 ಮಾರ್ಗದರ್ಶಿಯಾಗಿದೆ.

ಅಲಾರಂ ಬೆಂಕಿಯನ್ನು ಆರಿಸದು. ಹೊರಬರಲು ಕೆಲವು ನಿಮಿಷ ದೊರಕಿಸಿಕೊಡುತ್ತದೆ. ಅದು ಕೂಗಿದಾಗ ಸರಕನ್ನಾಗಲಿ, ಲೆಕ್ಕದ ಪುಸ್ತಕವನ್ನಾಗಲಿ ಹುಡುಕದೆ ಮನೆಮಂದಿಯನ್ನೆಲ್ಲ ಹೊರಗೆ ಕರೆತಂದು, 101 ಅಥವಾ 112ಕ್ಕೆ ಕರೆ ಮಾಡಬೇಕು. ಸುಟ್ಟ ದಾಸ್ತಾನಿಗೆ ವಿಮೆಯ ಪರಿಹಾರ ದೊರೆಯಬಹುದು, ಹೋದ ಜೀವ ಮರಳಿ ಬಾರದು.