ಮಕ್ಕಳ ಎಣಿಕೆಯೂ ಮಕ್ಕಳ ಯೋಜನೆಯೂ: ಅಂತರಘಟ್ಟೆಯ ಸೀಮೆಯನ್ನು ಕುರಿತು ಒಂದು ವಿವೇಚನೆ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳ ಜನರಿಗೆ ಅಂತರಘಟ್ಟೆಯೆಂದೊಡನೆ ನೆನಪಿಗೆ ಬರುವುದು ದುರ್ಗಾಂಬೆಯ ಜಾತ್ರೆ ಮತ್ತು ಅದಕ್ಕೆ ಬರುವ ಎತ್ತಿನ ಬಂಡಿಗಳ ಸಾಲು. ಮದುವೆಯಾಗಿ ಹೊರಗೂರು ಸೇರಿದ ಹೆಣ್ಣುಮಕ್ಕಳು ಕೂಸುಗಳನ್ನೆತ್ತಿಕೊಂಡು ತವರಿಗೆ ಬರುವ ಕಾಲವದು. ಆ ವಾರದಲ್ಲಿ ಯಾರಾದರೊಬ್ಬರು ಊರೊಳಗೆ ನಿಂತು, "ಇಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು?" ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆದರೆ ಅಂಗನವಾಡಿಯ ಕಾರ್ಯಕರ್ತೆ ಆ ಉತ್ತರವನ್ನು ಪ್ರತಿ ತಿಂಗಳೂ ಬರೆದು ಕೊಡಲೇಬೇಕು. ಆ ಅಂಕಿಯನ್ನವಲಂಬಿಸಿ ಧಾನ್ಯ, ಹಾಲಿನ ಪುಡಿ, ಮೊಟ್ಟೆ, ಹಣ ಎಲ್ಲವೂ ನಿಗದಿಯಾಗುತ್ತವೆ. ಅಂಕಿ ಹುಟ್ಟುವ ಬಗೆಯನ್ನೂ, ಅದು ತಪ್ಪಿದಲ್ಲಿ ನಷ್ಟವನ್ನು ಹೊರುವವರಾರೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಸರ್ಕಾರಗಳು ಎಣಿಸುವುದನ್ನು ಕಲಿತದ್ದು ಮಕ್ಕಳಿಂದಲ್ಲ. ಶಾನುಭೋಗರ ಕಡತಗಳಲ್ಲಿ ಮೊದಲು ಸ್ಥಾನ ಪಡೆದದ್ದು ಭೂಮಿ ಮತ್ತು ಕಂದಾಯ. ಅಜ್ಜಂಪುರದ ಅಮೃತಮಹಲ್ ತಳಿಯ ದನಗಳಂತೂ ಮೈಸೂರು ಅರಸರ ಕಾಲದಿಂದಲೂ ರಾಜ್ಯದ ಸ್ವತ್ತಾಗಿ ಲೆಕ್ಕಕ್ಕೆ ಒಳಪಟ್ಟಿದ್ದವು. ಕರುಗಳ ಲೆಕ್ಕ ಮೊದಲು, ಕೂಸುಗಳ ಲೆಕ್ಕ ಬಹಳ ತಡವಾಗಿ ಎಂಬುದು ವಿನೋದಕ್ಕೆ ಹೇಳಿದ ಮಾತಾದರೂ ಸುಳ್ಳಲ್ಲ. ಕುಟುಂಬಕಲ್ಯಾಣದಲ್ಲಿ ಮೈಸೂರು ಸಂಸ್ಥಾನ ಹಿಂದುಳಿದಿತ್ತೆಂದು ಇದರಿಂದ ತಿಳಿಯಬಾರದು. 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಕೀರ್ತಿ ಅದಕ್ಕಿದೆ. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಸ್ಥಾಪಿತವಾದ ಬಳಿಕ ಹಳ್ಳಿಗಳಲ್ಲಿ ಶಿಶುವಿಹಾರಗಳು ಅಲ್ಲಲ್ಲಿ ತಲೆಯೆತ್ತಿದವು. ಆದರೆ ಒಂದು ಊರಿನ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಪಟ್ಟಿಮಾಡುವ ವ್ಯವಸ್ಥೆ ಬಂದದ್ದು 1974ರ ರಾಷ್ಟ್ರೀಯ ಮಕ್ಕಳ ನೀತಿಯ ತರುವಾಯ, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಡನೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಆರಂಭವಾದ ಈ ಯೋಜನೆಗೆ ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರವು ಮೊದಲ ಕ್ಷೇತ್ರವಾಯಿತು; ಅಲ್ಲಿ ತೆರೆದ ಅಂಗನವಾಡಿಗಳು 100. ಇಂದು ಕರ್ನಾಟಕದಲ್ಲಿ ಅವುಗಳ ಸಂಖ್ಯೆ 65,000ಕ್ಕೂ ಮಿಕ್ಕಿದೆ.

ವರದಿಯ ಮೂಲ ಕುಟುಂಬ ಸಮೀಕ್ಷೆಯ ವಹಿ. ಕಾರ್ಯಕರ್ತೆಯು ತನ್ನ ವ್ಯಾಪ್ತಿಯ ಮನೆಮನೆಗೂ ಹೋಗಿ ಗರ್ಭಿಣಿಯರು, ಬಾಣಂತಿಯರು, ಹಾಲುಗೂಸುಗಳು, ಮೂರರಿಂದ ಆರು ವರ್ಷದ ಮಕ್ಕಳು ಹೀಗೆ ವಿಂಗಡಿಸಿ ಬರೆದುಕೊಳ್ಳುತ್ತಾಳೆ. 2012ರ ಸುಮಾರಿಗೆ ಪರಿಷ್ಕೃತವಾದ ಪದ್ಧತಿಯಲ್ಲಿ ಇಂತಹ ವಹಿಗಳು 11: ಸಮೀಕ್ಷೆಯದು, ಆಹಾರ ದಾಸ್ತಾನಿನದು, ಹಂಚಿಕೆಯದು, ಶಾಲಾಪೂರ್ವ ಶಿಕ್ಷಣದ್ದು, ಗರ್ಭಧಾರಣೆ ಮತ್ತು ಹೆರಿಗೆಯದು, ಚುಚ್ಚುಮದ್ದಿನದು, ತೂಕದ್ದು ಮುಂತಾಗಿ. ತಿಂಗಳ ಕೊನೆಯಲ್ಲಿ ಇವುಗಳಿಂದ ಸಾರ ತೆಗೆದು ಮಾಸಿಕ ಪ್ರಗತಿ ವರದಿ ಸಿದ್ಧವಾಗುತ್ತದೆ. ಅದು ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುತ್ತದೆ. ರಾಜ್ಯವು ವರ್ಷಕ್ಕೊಮ್ಮೆ ಅನುಷ್ಠಾನ ಯೋಜನೆಯನ್ನು ರಚಿಸಿ ಕೇಂದ್ರಕ್ಕೆ ಸಲ್ಲಿಸುತ್ತದೆ. ಪೂರಕ ಪೌಷ್ಟಿಕ ಆಹಾರದ ವೆಚ್ಚವನ್ನು ನಮ್ಮ ರಾಜ್ಯದಲ್ಲಿ ಕೇಂದ್ರ ರಾಜ್ಯಗಳು ಸಮಪಾಲಾಗಿ ಭರಿಸುವುದರಿಂದ, ಫಲಾನುಭವಿಗಳ ಸಂಖ್ಯೆಯ ಮೇಲೆ ಎರಡು ಸರ್ಕಾರಗಳ ದೃಷ್ಟಿಯೂ ನೆಟ್ಟಿರುತ್ತದೆ. 2021ರ ಮಾರ್ಚಿಯಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲು ಸಾಧನ ಬಂದು, ಅಂಕಿಯು ಮೆಟ್ಟಿಲೇರುವ ಬದಲು ನೇರವಾಗಿ ದೆಹಲಿಗೇ ತಲಪುವಂತಾಗಿದೆ. ದಾರಿ ಹತ್ತಿರವಾಯಿತು, ಆದರೆ ಅಂಕಿ ಹುಟ್ಟುವ ಸ್ಥಳ ಮಾತ್ರ ಮೊದಲಿನದೇ.

ಆ ಸ್ಥಳದಲ್ಲಿ ಮೂರು ಸಂದಿಗ್ಧಗಳುಂಟು. ಮೊದಲನೆಯದು ವಾಸದ ಪ್ರಶ್ನೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಅನೂಚಾನವಾಗಿ ಬಂದ ರೂಢಿ. ಏಳನೆಯ ತಿಂಗಳಿನಲ್ಲೋ ಒಂಬತ್ತನೆಯದರಲ್ಲೋ ಹೋದವಳು ಮಗುವಿಗೆ ಮೂರು ತಿಂಗಳೋ ಐದು ತಿಂಗಳೋ ತುಂಬಿದ ಮೇಲೆ ಹಿಂದಿರುಗುತ್ತಾಳೆ. ಅತ್ತೆಮನೆಯ ಊರಿನಲ್ಲಿ ಹೆಸರು ಬರೆಸಿದ ಗರ್ಭಿಣಿ ತವರೂರಿನ ವಹಿಯಲ್ಲಿಯೂ ಕಾಣಿಸಬಹುದು. ಎರಡೂ ಕಡೆ ಕಾಣಿಸದೆ ಹೋಗಲೂಬಹುದು. ಎರಡು ಬಾರಿ ಬರೆದರೆ ಸರ್ಕಾರಕ್ಕೆ ಕೊಂಚ ಧಾನ್ಯ ನಷ್ಟ; ಒಂದು ಕಡೆಯೂ ಬರೆಯದಿದ್ದರೆ ಅತ್ಯಂತ ಅಗತ್ಯವಾದ ತಿಂಗಳುಗಳಲ್ಲಿ ತಾಯಿಗೂ ಕೂಸಿಗೂ ಆಹಾರವಿಲ್ಲ. ಈ ಎರಡು ತಪ್ಪುಗಳು ಸಮಾನವಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ತಪಾಸಣೆಯು ಹುಡುಕುವುದು ಸಾಮಾನ್ಯವಾಗಿ ಮೊದಲನೆಯದನ್ನೇ. ಆರೋಗ್ಯ ಇಲಾಖೆಯ ತಾಯಿ ಕಾರ್ಡು ತಾಯಿಯೊಡನೆ ಊರೂರಿಗೆ ಹೋಗುವುದಾದ್ದರಿಂದ ಈ ತೊಡಕನ್ನು ಅದು ಸ್ವಲ್ಪಮಟ್ಟಿಗೆ ನೀಗಿಸಿದೆ. ಟ್ರ್ಯಾಕರಿನಲ್ಲಿಯೂ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಅದಕ್ಕೆ ಇಬ್ಬರು ಕಾರ್ಯಕರ್ತೆಯರೂ ಮನಸ್ಸು ಮಾಡಬೇಕಷ್ಟೆ.

ಎರಡನೆಯದು ಛೇದದ ಪ್ರಶ್ನೆ. ವಿದ್ಯಾರ್ಥಿಗಳಿಗೆ ತಿಳಿಯುವಂತೆ ಒಂದು ಕಲ್ಪಿತ ಉದಾಹರಣೆ ಕೊಡೋಣ. ಒಂದು ಕೇಂದ್ರದ ಸಮೀಕ್ಷೆಯಲ್ಲಿ 60 ಮಕ್ಕಳಿದ್ದಾರೆ. ತೂಕದ ದಿನ ಬಂದವರು 48. ಅವರಲ್ಲಿ ಕಡಿಮೆ ತೂಕದವರು 6. ವರದಿಯಲ್ಲಿ ಶೇಕಡ 12.5 ಎಂದು ದಾಖಲಾಗುತ್ತದೆ. ಬಾರದ 12 ಮಕ್ಕಳು ಯಾರು? ತಾಯಿತಂದೆಗಳು ಮುಂಜಾನೆಯೇ ಕೂಲಿಗೆ ಹೊರಟ ಮನೆಯವರು, ತೋಟದ ಕೆಲಸಕ್ಕೆ ಘಟ್ಟದ ಮೇಲಕ್ಕೆ ಹೋದವರು, ಕುರಿಹಿಂಡಿನೊಡನೆ ಅಲೆಯುವವರು, ಊರಿನಿಂದ ದೂರವಿರುವ ಹಟ್ಟಿಯವರು. ಅವರಲ್ಲಿಯೂ 6 ಮಕ್ಕಳು ಕಡಿಮೆ ತೂಕದವರಾಗಿದ್ದರೆ ನಿಜವಾದ ಪ್ರಮಾಣ 60ಕ್ಕೆ 12, ಎಂದರೆ ಶೇಕಡ 20. ಯಾರೂ ಸುಳ್ಳು ಬರೆದಿಲ್ಲ; ಆದರೂ ವರದಿ ಸುಳ್ಳಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 32.9 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು, 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಂತಹ ಸಮೀಕ್ಷೆಯ ಅಂಕಿಗೂ ಮಾಸಿಕ ವರದಿಗಳ ಅಂಕಿಗೂ ಅಂತರ ಕಂಡಾಗ ಕಾರ್ಯಕರ್ತೆಯ ಮೇಲೆ ಅಪವಾದ ಹೊರಿಸುವುದು ರೂಢಿಯಾಗಿದೆ. ಸಮೀಕ್ಷೆಯವರು ಆಯ್ದ ಮನೆಗಳ ಬಾಗಿಲಿಗೆ ಹೋಗುತ್ತಾರೆ, ಅಂಗನವಾಡಿಯ ತಕ್ಕಡಿ ಬಂದವರನ್ನು ತೂಗುತ್ತದೆ ಎಂಬ ವ್ಯತ್ಯಾಸವನ್ನು ಮೊದಲು ಲೆಕ್ಕಕ್ಕೆ ತಂದುಕೊಳ್ಳಬೇಕು.

ಅಳತೆಗೋಲಿನ ಪ್ರಶ್ನೆ ಮೂರನೆಯದು. ಮೊದಲು ಮಕ್ಕಳ ನ್ಯೂನಪೋಷಣೆಯನ್ನು ನಾಲ್ಕು ದರ್ಜೆಗಳಲ್ಲಿ ಬರೆಯುತ್ತಿದ್ದರು. 2008ರ ತರುವಾಯ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಗಳು ಬಂದು, ಗಂಡುಹೆಣ್ಣುಗಳಿಗೆ ಬೇರೆಬೇರೆ ನಕ್ಷೆಗಳೂ, ಸಾಧಾರಣ, ಮಧ್ಯಮ, ತೀವ್ರ ಎಂಬ ವಿಂಗಡಣೆಯೂ ಜಾರಿಯಾದವು. ಮಗು ನಿನ್ನೆಯದೇ, ತೂಕವೂ ನಿನ್ನೆಯದೇ. ದರ್ಜೆ ಮಾತ್ರ ಬೇರೆಯಾಯಿತು. ಹಳೆಯ ವರ್ಷಗಳ ಅಂಕಿಗಳನ್ನು ಹೊಸವುಗಳ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎಂದು ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇದನ್ನು ಮರೆಯಕೂಡದು.

ಇಷ್ಟೆಲ್ಲ ಏಕೆಂದರೆ ವರದಿಯೇ ಮುಂದಿನ ವರ್ಷದ ಯೋಜನೆಯ ಬೀಜ. ಈ ವರ್ಷ ಪಟ್ಟಿಯಲ್ಲಿಲ್ಲದ ಮಗು ಮುಂದಿನ ವರ್ಷದ ಅಂದಾಜಿನಲ್ಲಿಯೂ ಇರುವುದಿಲ್ಲ. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಸಸಾರಜನಕ; ತೀವ್ರ ನ್ಯೂನಪೋಷಣೆಯ ಮಗುವಿಗೆ 800 ಕ್ಯಾಲೊರಿ ಎಂದು 2009ರಲ್ಲಿ ನಿಯಮವಾಯಿತು; 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಇದನ್ನು ಹಕ್ಕೆಂದೇ ಅಂಗೀಕರಿಸಿತು. 2006ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿಯಿಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅದನ್ನು ಒದಗಿಸತಕ್ಕದ್ದೆಂದು ಆಜ್ಞಾಪಿಸಿತು. ಆ 40 ಎಂಬುದನ್ನು ತೋರಿಸಬೇಕಾದವರಾರು? ದೂರದ ಹಟ್ಟಿಯೊಂದರ 38 ಮಕ್ಕಳ ಜೊತೆಗೆ, ಸುಗ್ಗಿಗೆ ಹೊರಗೆ ಹೋದ ಐವರನ್ನು ಸೇರಿಸಬೇಕೋ ಬೇಡವೋ ಎಂಬ ನಿರ್ಧಾರದ ಮೇಲೆ ಒಂದು ಕೇಂದ್ರದ ಹುಟ್ಟೇ ನಿಂತಿರುತ್ತದೆ.

ಸಂಖ್ಯೆಯನ್ನೇ ಗುರಿಯಾಗಿ ಹಿಡಿದರೆ ಏನಾಗುವುದೆಂಬುದನ್ನು ಕುಟುಂಬ ಯೋಜನೆಯ ಇತಿಹಾಸ ತೋರಿಸಿಕೊಟ್ಟಿದೆ. ಇಂತಿಷ್ಟು ಶಸ್ತ್ರಚಿಕಿತ್ಸೆಗಳಾಗಬೇಕೆಂದು ಮೇಲಿನಿಂದ ಗೊತ್ತುಪಡಿಸುವ ಕ್ರಮದಿಂದ ಒತ್ತಾಯವೂ ಉತ್ಪ್ರೇಕ್ಷಿತ ವರದಿಗಳೂ ಹುಟ್ಟಿದವು. 1996ರ ಏಪ್ರಿಲ್‌ನಲ್ಲಿ ಅದನ್ನು ದೇಶಾದ್ಯಂತ ಕೈಬಿಡಲಾಯಿತು. ಅಂಗನವಾಡಿಯಲ್ಲಿ ಅಪಾಯ ಇದರ ವಿಲೋಮ. ತೀವ್ರ ನ್ಯೂನಪೋಷಣೆಯ ಮಕ್ಕಳನ್ನು ಹೆಚ್ಚು ತೋರಿಸಿದ ಕಾರ್ಯಕರ್ತೆ ವಿವರಣೆ ಕೊಡಬೇಕಾಗುತ್ತದೆ. ಕಡಿಮೆ ತೋರಿಸಿದವಳು ನೆಮ್ಮದಿಯಾಗಿರುತ್ತಾಳೆ. ಆದರೆ ತೋರಿಸಿದ ಮಗುವಿಗೆ ಮಾತ್ರ ಹೆಚ್ಚಿನ ಆಹಾರವೂ, ಪೌಷ್ಟಿಕ ಪುನಶ್ಚೇತನ ಕೇಂದ್ರದ ದಾರಿಯೂ ತೆರೆಯುವುದು. ನಿಜ ಬರೆದವಳಿಗೆ ಶಿಕ್ಷೆಯಾಗದಂತೆ ಪರಿಶೀಲನಾ ಸಭೆಯನ್ನು ನಡೆಸಬಲ್ಲ ಯೋಜನಾಧಿಕಾರಿಯಿದ್ದಲ್ಲಿ ಯಾವ ಯಂತ್ರವೂ ಕೊಡಲಾಗದ ಶುದ್ಧ ಅಂಕಿ ದೊರೆಯುವುದೆಂದು ನಾವು ನಂಬುತ್ತೇವೆ.

ಊರಿನ ಪಾತ್ರವೂ ಅಲ್ಪವಲ್ಲ. 73ನೆಯ ತಿದ್ದುಪಡಿಯು ಮಹಿಳಾ ಮತ್ತು ಶಿಶು ಅಭಿವೃದ್ಧಿಯನ್ನು ಪಂಚಾಯತಿಯ ವಿಷಯಗಳಲ್ಲಿ ಸೇರಿಸಿದೆ. ನಮ್ಮ ರಾಜ್ಯದಲ್ಲಿ ಬಾಲವಿಕಾಸ ಸಮಿತಿಗಳೂ, ಮಕ್ಕಳ ಗ್ರಾಮಸಭೆಗಳೂ ಇವೆ. ಮಾಸಿಕ ವರದಿಯ ಒಂದು ಪ್ರತಿಯನ್ನು ಮೇಲಕ್ಕೆ ಕಳುಹಿಸುವ ಮುನ್ನ ಸಮಿತಿಯ ತಾಯಂದಿರ ಮುಂದೆ ಓದಿದರೆ, "ಕೆರೆಯ ಕೆಳಗಿನ ಮನೆಯ ಕೂಸು ಎಲ್ಲಿ?" ಎಂದು ಕೇಳುವವರು ಅಲ್ಲಿಯೇ ಇರುತ್ತಾರೆ. ಹಾಗೆ ಓದುವುದಕ್ಕೆ ಹೊಸ ಕಾಯಿದೆಯೂ ಬೇಡ, ಹಣವೂ ಬೇಡ. ಮಧ್ಯಾಹ್ನದ ಒಂದು ಗಳಿಗೆ ಸಾಕು. ಕ್ಷೇತ್ರಕಾರ್ಯಕ್ಕೆ ಈ ಸೀಮೆಗೆ ಹೋಗುವ ವಿದ್ಯಾರ್ಥಿಗಳು ಮೊದಲು ಸಮೀಕ್ಷೆಯ ವಹಿಯನ್ನೂ ತೂಕದ ವಹಿಯನ್ನೂ ಪಕ್ಕಪಕ್ಕದಲ್ಲಿ ತೆರೆದು, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಹೆಸರುಗಳನ್ನು ಗುರುತು ಹಾಕಿಕೊಂಡು, ಕಾರ್ಯಕರ್ತೆಯೊಡನೆ ಆ ಮನೆಗಳಿಗೆ ಹೋಗಿ ಬರಲಿ. ಜಾತ್ರೆಯ ವಾರವನ್ನು ಮಾತ್ರ ಬಿಟ್ಟು ಹೋಗುವುದು ಒಳ್ಳೆಯದು.