ಕೆರೆಯ ದಂಡೆಯಲ್ಲಿ ಗಾಳ

ಬೇಸಗೆಯ ರಜೆಯಲ್ಲಿ ಏಳು ಮಂದಿ ವಿದ್ಯಾರ್ಥಿಗಳೊಡನೆ ಹಳಿಯಾಳ ತಾಲ್ಲೂಕಿನ ಒಂದು ಕೆರೆಯ ಬಳಿ ಡೇರೆ ಹಾಕಿದ್ದೆವು. ಅಕ್ಕಿ, ಉಪ್ಪು, ಖಾರದ ಪುಡಿ, ಮುರುಗಲ ಸಿಪ್ಪೆ ನಮ್ಮೊಡನಿದ್ದುವು. ರಾತ್ರಿಯ ಸಾರಿಗೆ ಬೇಕಾದ ಮೀನನ್ನು ಮಾತ್ರ ನಾವೇ ಹಿಡಿಯಬೇಕೆಂದು ನಿಶ್ಚಯವಾಗಿತ್ತು.

ಹತ್ತಿರದಲ್ಲಿಯೇ ಕಾಳೀ ನದಿಯಿರುವಾಗ ಕೆರೆಯನ್ನೇಕೆ ಅರಸಿದಿರಿ ಎಂದು ವಾಚಕರು ಕೇಳಬಹುದು. ಜೋಯಿಡಾ, ದಾಂಡೇಲಿಗಳ ಕಡೆ ಹುಲಿ ಸಂರಕ್ಷಿತ ಅರಣ್ಯದೊಳಗೆ ಮೀನು ಹಿಡಿಯುವುದು ನಿಷಿದ್ಧ. ದಾಂಡೇಲಿಯ ಬಳಿ ಹೊಳೆಯಲ್ಲಿ ಮೊಸಳೆಗಳಿವೆ. ಮೇಲಾಗಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಕೆಳಗಿನ ಹೊಳೆಯ ಮಟ್ಟ ಏರುತ್ತದೆ. ಈಗ ಒಣಗಿರುವ ಬಂಡೆ ಆಮೇಲೆ ನಡುಗಡ್ಡೆಯಾದೀತು. ಆದುದರಿಂದ ಕೆರೆಯ ಮೀನನ್ನು ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದು ಇಲ್ಲಿಗೆ ಬಂದೆವು.

ಮಧ್ಯಾಹ್ನ ಎರಡು ಗಂಟೆ ಗಾಳ ಹಾಕಿ ಕುಳಿತರೂ ಒಂದು ಮೀನೂ ಸಿಕ್ಕಲಿಲ್ಲ. ಇದಕ್ಕೆ ಕಾರಣ ಸ್ಪಷ್ಟ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರು ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಪಡೆದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಮೀನಿನ ದೇಹಕ್ಕಾದರೋ ಬಿಸಿಯಲ್ಲಿ ಆಮ್ಲಜನಕ ಹೆಚ್ಚು ಬೇಕು. ಆದುದರಿಂದ ಸುಡುಬಿಸಿಲಿನಲ್ಲಿ ಅನೇಕ ಮೀನುಗಳು ದಂಡೆಯ ತೆಳುನೀರನ್ನು ಬಿಟ್ಟು ಆಳಕ್ಕೋ ನೆರಳಿಗೋ ಸರಿಯುತ್ತವೆ. ಹೊತ್ತು ಇಳಿದ ಮೇಲೆ ಮೇವಿಗಾಗಿ ಮತ್ತೆ ಅಂಚಿಗೆ ಬರುತ್ತವೆ.

ಸಂಜೆ ಊರಿನ ವೃದ್ಧರೊಬ್ಬರು ಗಾಳ ಹಿಡಿದು ಬಂದರು. ನಮ್ಮ ಗಾಳಕ್ಕೆ ಕಟ್ಟಿದ್ದ ಬಾಟಲಿಯ ಬಿರಡೆಯನ್ನು ನೋಡಿ ನಕ್ಕರು. ಅವರ ಗಾಳಕ್ಕಿದ್ದುದು ಜೋಳದ ದಂಟಿನ ಸಣ್ಣ ಬೆಂಡು. ನಾವು ಲೆಕ್ಕ ಹಾಕಿ ನೋಡಿದೆವು. ತೇಲುವ ವಸ್ತುವನ್ನು ಇನ್ನಷ್ಟು ಮುಳುಗಿಸಬೇಕಾದರೆ, ಅದು ಹೊಸದಾಗಿ ಪಕ್ಕಕ್ಕೆ ತಳ್ಳುವ ನೀರಿನ ತೂಕದಷ್ಟು ಬಲ ಬೇಕೆಂಬುದು ಆರ್ಕಿಮಿಡೀಸನ ತತ್ತ್ವ. ಬಿರಡೆಯ ಅಡ್ಡಗಲ 2 ಸೆಂಟಿಮೀಟರು; ಅದನ್ನು ಒಂದು ಸೆಂಟಿಮೀಟರು ಮುಳುಗಿಸಲು ಸುಮಾರು 3 ಗ್ರಾಂ ತೂಕದ ಸೆಳೆತ ಬೇಕು. ನೆಟ್ಟಗೆ ನಿಲ್ಲುವ, ಅರ್ಧ ಸೆಂಟಿಮೀಟರು ದಪ್ಪದ ಬೆಂಡಿಗೆ 0.2 ಗ್ರಾಂ ಸಾಕು. ಮೀನು ಎರೆಹುಳುವನ್ನು ಮೆಲ್ಲನೆ ಎಳೆದರೂ ಬೆಂಡು ಸುದ್ದಿ ಮುಟ್ಟಿಸುತ್ತದೆ. ಬಿರಡೆ ಅಲುಗುವ ವೇಳೆಗೆ ಹುಳುವೂ ಇಲ್ಲ, ಮೀನೂ ಇಲ್ಲ.

ನಾವೂ ಬೆಂಡು ಕಟ್ಟಿದೆವು. ಅಷ್ಟರಲ್ಲಿ ಒಬ್ಬ ಹುಡುಗನ ಗಾಳ ನೀರಿನೊಳಗಿನ ಕಲ್ಲಿಗೆ ಸಿಕ್ಕಿಕೊಂಡಿತು. ನೀರು ತಿಳಿಯಾಗಿದ್ದು ತಳದ ಕಲ್ಲುಗಳೆಲ್ಲ ಕಾಣುತ್ತಿದ್ದುವು. ‘ಸೊಂಟದಷ್ಟೇ ನೀರು ಸಾರ್, ಬಿಡಿಸಿಕೊಂಡು ಬರುತ್ತೇನೆ’ ಎಂದು ಅವನು ಹೊರಟ. ಅವನಿಗೆ ಈಜು ಬಾರದು. ನಾನೂ ತಳವನ್ನು ಕಣ್ಣಾರೆ ಕಂಡು ಸುಮ್ಮನಿದ್ದೆ.

‘ತಮ್ಮಾ, ಇಳೀಬ್ಯಾಡ. ಮೊದಲ ಕೋಲ ಹಾಕಿ ನೋಡು’ ಎಂದರು ವೃದ್ಧರು.

ಬಿದಿರು ಕೋಲನ್ನು ಇಳಿಸಿ ಅಳೆದಾಗ ಆಳ 1 ಮೀಟರು 60 ಸೆಂಟಿಮೀಟರು. ಹುಡುಗನಿಗೆ ಅದು ಗದ್ದದವರೆಗೆ ಬರುವ ನೀರು. ತಳವೋ ಪಾಚಿ ಹಿಡಿದ ಕಲ್ಲು. ತರಗತಿಯಲ್ಲಿ ವರ್ಷವರ್ಷವೂ ವಕ್ರೀಭವನವನ್ನು ಕಲಿಸುವ ನಾನು ದಂಡೆಯಲ್ಲಿ ಅದನ್ನು ಮರೆತಿದ್ದೆ. ನೀರಿನಿಂದ ಗಾಳಿಗೆ ಬರುವ ಬೆಳಕಿನ ಕಿರಣ ಬಾಗುತ್ತದೆ. ಕಣ್ಣು ಅದು ನೇರವಾಗಿಯೇ ಬಂದಿತೆಂದು ತಿಳಿಯುತ್ತದೆ. ನೆಟ್ಟಗೆ ಮೇಲಿನಿಂದ ನೋಡಿದರೆ ತಳವು ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿರುವಂತೆ ತೋರುತ್ತದೆ, ಎಂದರೆ ಇಲ್ಲಿ 1 ಮೀಟರು 20 ಸೆಂಟಿಮೀಟರು. ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಮೇಲೆ ಬಂದಂತೆ ತೋರುತ್ತದೆ. ತಿಳಿನೀರು ಆಳವನ್ನು ಯಾವಾಗಲೂ ಕಡಮೆ ಮಾಡಿಯೇ ಹೇಳುತ್ತದೆ. ಗಾಳದ ದಾರವನ್ನು ಕತ್ತರಿಸಿಬಿಟ್ಟೆವು.

ಇದೇ ನಿಯಮ ಮೀನಿನ ಕಣ್ಣಿಗೂ ಅನ್ವಯಿಸುತ್ತದೆ. ಹೊರಗಿನ ಆಕಾಶ, ಮರ, ಮನುಷ್ಯ ಎಲ್ಲವೂ ಅದಕ್ಕೆ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತವೆ. ಈ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಅದರಾಚೆ ಮೀನಿಗೆ ಕಾಣುವುದು ನೀರಿನ ಒಳಮೈಯಲ್ಲಿ ಪ್ರತಿಫಲಿಸಿದ ಕೆರೆಯ ತಳವೇ. ದಂಡೆಯ ಮೇಲೆ ಎದ್ದು ನಿಂತವನು ಕಿಟಕಿಯೊಳಕ್ಕೆ ತಲೆ ಹಾಕುತ್ತಾನೆ. ಹಿಂದೆ ಸರಿದು ತಗ್ಗಾಗಿ ಕುಳಿತವನು ಅದರ ಅಂಚಿನಲ್ಲಿ ಅದುಮಿಹೋಗಿ ಮಸುಕಾಗುತ್ತಾನೆ. ಮಾತಿನ ಭಯ ಅಷ್ಟಿಲ್ಲ: ಗಾಳಿಯಿಂದ ನೀರಿಗೆ ಬೀಳುವ ಶಬ್ದಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ಒಳಹೊಗುತ್ತದೆ. ಹೆಜ್ಜೆಯ ಸಪ್ಪಳವಾದರೋ ನೆಲದ ಮೂಲಕವೇ ನೀರಿಗೆ ಇಳಿಯುತ್ತದೆ. ಮೀನಿನ ಒಳಗಿವಿ ಅದನ್ನು ಅರಿಯಬಲ್ಲುದು; ಇಕ್ಕೆಲಗಳ ಪಾರ್ಶ್ವರೇಖೆಯು ಹತ್ತಿರದ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ವೃದ್ಧರು ನಮ್ಮೊಡನೆ ಧಾರಾಳವಾಗಿ ಹರಟುತ್ತಿದ್ದರು. ಆದರೆ ಓಡಾಡಲು ಬಿಡಲಿಲ್ಲ.

ಕತ್ತಲಾಗುವ ಮೊದಲು ಐದು ಗೆಂಡೆ ಮೀನುಗಳು ಸಿಕ್ಕಿದುವು. ಎಂಟು ಜನಕ್ಕೆ ಅದು ಸಾಲದೆಂದು ಕಂಡು ವೃದ್ಧರು ತಮ್ಮ ಪಾಲಿನಿಂದ ಒಂದು ಕೊರವವನ್ನು ಕೊಟ್ಟರು. ಕೆರೆಯ ಮೀನಿಗೆ ಮಣ್ಣಿನ ವಾಸನೆ ಉಂಟು. ಇದಕ್ಕೆ ಮುಖ್ಯವಾಗಿ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ನೀರಿನ ಸೂಕ್ಷ್ಮಜೀವಿಗಳು ಉತ್ಪಾದಿಸುತ್ತವೆ. ಮೊದಲ ಮಳೆಯಲ್ಲಿ ನೆಲದಿಂದೇಳುವ ಕಂಪಿನಲ್ಲಿಯೂ ಇದೇ ವಸ್ತುವಿದೆ. ಹುಳಿಯಲ್ಲಿನ ಆಮ್ಲವು ಇದನ್ನು ವಾಸನೆಯಿಲ್ಲದ ವಸ್ತುವಾಗಿ ಮಾರ್ಪಡಿಸಬಲ್ಲುದು. ಮುರುಗಲ ಸಿಪ್ಪೆ ಹಾಕಿ ಕುದಿಸಿದ ಸಾರು ಅನ್ನಕ್ಕೆ ಬಹಳ ಹಿಡಿಸಿತು.

ಊಟವಾದ ಮೇಲೆ ಹುಡುಗ ಕೋಲಿನ ಮೇಲೆ ನೀರಿನ ಗುರುತು ಇದ್ದೆಡೆ ಚಾಕುವಿನಿಂದ ಗೀರು ಹಾಕಿ, ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದ. ಗೀರು ಅವನ ಗದ್ದಕ್ಕೆ ತಾಗುತ್ತಿತ್ತು. ಕೆರೆಗೋ ಹೊಳೆಗೋ ಹೋಗುವ ವಾಚಕರು ಗಾಳವನ್ನು ಮರೆತರೂ ಚಿಂತೆಯಿಲ್ಲ, ಅಳೆಯುವ ಕೋಲನ್ನು ಮರೆಯಬಾರದು.